ವಿಮಾನ ಕಂಪನಿಗೆ ಹರಿಯಬ್ಬೆಯ ಷರತ್ತುಗಳು

ಆ ಸೋಮವಾರ ನನ್ನ ಮೇಜಿನ ಮೇಲೆ ಎರಡು ಪಾಲುವಿಭಾಗದ ದಾವೆ ಮತ್ತು ಒಂದು ಬದುವಿನ ತಕರಾರು ಇದ್ದವು. ಚಿತ್ರದುರ್ಗದ ಕೋರ್ಟಿನ ಎದುರಿಗಿರುವ ನನ್ನ ಆಫೀಸಿಗೆ ಬರುವುದೆಲ್ಲ ನೆಲದ ವ್ಯಾಜ್ಯವೇ. ಹಾಗಾಗಿ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಿಂದ ಬಂದ ಹುಡುಗಿಯೊಬ್ಬಳು ಬ್ಯಾಗಿನಿಂದ ಹದಿನೆಂಟು ಪುಟದ ಕಾಗದ ತೆಗೆದಾಗ, ಯಾವ ಸರ್ವೆ ನಂಬರು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು, "ಮೇಡಂ, ಇದು ಪೈಲಟ್ ಬಾಂಡ್" ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ಅವಳ ಜೊತೆ ಅವಳ ಅಜ್ಜ ಬಂದಿದ್ದ. ಜೀವಮಾನವೆಲ್ಲ ಕುರಿ ಕಾಯ್ದ ಮನುಷ್ಯ. ಕುರ್ಚಿ ತೋರಿಸಿ "ಕುಂತ್ಕಳ್ರಿ ಅಜ್ಜ" ಅಂದರೆ, ಕುಳಿತರೆ ಕುರ್ಚಿ ಮುರಿದೀತೇನೋ ಎಂಬಂತೆ ತುದಿಯಲ್ಲಿ ಕುಳಿತ. ಹುಡುಗಿಯ ಅಪ್ಪ ಮಂದೆಯ ಜೊತೆ ಆಂಧ್ರದ ಕಡೆ ಮೇವು ಹುಡುಕಿಕೊಂಡು ಹೋಗಿದ್ದನಂತೆ. ಅವನು ವಾಪಸಾಗುವುದಕ್ಕೆ ಇನ್ನೂ ತಿಂಗಳು ಬೇಕು, ಆದರೆ ವಿಮಾನ ಕಂಪನಿ ಅಲ್ಲಿಯತನಕ ಕಾಯುವ ಹಾಗಿರಲಿಲ್ಲ.

ವಿಷಯವನ್ನು ಹುಡುಗಿ ನನಗೆ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ಓದಿ ಪೈಲಟ್ ಲೈಸೆನ್ಸ್ ಪಡೆದಿದ್ದಾಳೆ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ವಿಮಾನ ಹಾರಿಸುವಂತಿಲ್ಲ. ಒಂದೊಂದು ಬಗೆಯ ವಿಮಾನಕ್ಕೂ ಬೇರೆ ತರಬೇತಿ ಬೇಕು. ಸಣ್ಣ ಊರುಗಳ ನಡುವೆ ಹತ್ತೊಂಬತ್ತು ಸೀಟಿನ ವಿಮಾನ ಓಡಿಸುವ ಒಂದು ಕಂಪನಿ ಅವಳನ್ನು ಆರಿಸಿಕೊಂಡಿದೆ. ಮೊದಲು ಸಿಮ್ಯುಲೇಟರ್ ಅನ್ನುವ ಅಣಕು ವಿಮಾನದೊಳಗೆ ಕೂರಿಸಿ ಕಲಿಸುತ್ತಾರೆ, ಆಮೇಲೆ ನಿಜವಾದ ವಿಮಾನದಲ್ಲಿ ಹಿರಿಯ ಕ್ಯಾಪ್ಟನ್ ಪಕ್ಕದಲ್ಲಿ. ಖರ್ಚೆಲ್ಲ ಕಂಪನಿಯದು. ಅದಕ್ಕೆ ಪ್ರತಿಯಾಗಿ ಮೂರು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಬಾಂಡ್ ಬರೆದುಕೊಡಬೇಕು, ಇಬ್ಬರು ಜಾಮೀನುದಾರರು ಸಹಿ ಹಾಕಬೇಕು.

"ಶುಕ್ರವಾರ ಸಂಜೆ ಐದಕ್ಕೆ ಬೆಂಗಳೂರಿನ ಆಫೀಸಿನಾಗೆ ಇರ್ಬೇಕು ಮೇಡಂ. ಆರೇ ಸೀಟು. ತಡ ಆದ್ರೆ ಪಟ್ಟಿಯಾಗೆ ನನ್ನ ಹಿಂದೆ ಇರೋರಿಗೆ ಕೊಡ್ತಾರಂತೆ" ಅಂದಳು. ನೇಗಿಲು ಹೊಡೆದಷ್ಟು ಕಷ್ಟಪಟ್ಟು ಇಲ್ಲಿಯವರೆಗೆ ಬಂದವಳು ಕೊನೆಯ ಮೆಟ್ಟಿಲಲ್ಲಿ ಜಾರಿಬಿಟ್ಟೇನೆಂದು ಹೆದರಿದ್ದಳು.

ಕರಾರು ಪತ್ರ ಓದುವುದರಲ್ಲಿ ನನ್ನದೊಂದು ಕ್ರಮ ಇದೆ. ಮೊದಲ ಸಲ ಅರ್ಥಕ್ಕೆ, ಎರಡನೇ ಸಲ ದಿನಾಂಕಗಳಿಗೆ, ಮೂರನೇ ಸಲ ಕೊನೆಯ ಕಲಮಿನಿಂದ ಮೊದಲ ಕಲಮಿನ ಕಡೆಗೆ ಹಿಂದುಹಿಂದಕ್ಕೆ. ಹಿಂದಿನಿಂದ ಓದಿದರೆ ಭಾಷೆಯ ಓಟದಲ್ಲಿ ತಪ್ಪಿಸಿಕೊಂಡದ್ದು ಸಿಕ್ಕಿಬೀಳುತ್ತದೆ. ಹಾಗೆ ಮೂರು ಕಲಮುಗಳು ಸಿಕ್ಕಿಬಿದ್ದವು. ಒಂದು, ಮೂರು ವರ್ಷದ ಲೆಕ್ಕ ಶುರುವಾಗುವುದು ಅವಳು ಕೆಲಸಕ್ಕೆ ಸೇರಿದ ದಿನದಿಂದಲ್ಲ, ತರಬೇತಿ ಪೂರ್ತಿ ಮುಗಿಸಿ ಕಂಪನಿ ಅವಳನ್ನು ಡ್ಯೂಟಿಗೆ ಬಿಟ್ಟ ದಿನದಿಂದ. ಕಂಪನಿ ವರ್ಷಗಟ್ಟಲೆ ಬಿಡದೇ ಇದ್ದರೆ ಲೆಕ್ಕ ಶುರುವೇ ಆಗುವುದಿಲ್ಲ. ಎರಡು, ಎರಡು ವರ್ಷ ಹನ್ನೊಂದು ತಿಂಗಳು ದುಡಿದು ಬಿಟ್ಟರೂ ತರಬೇತಿಯ ಪೂರ್ತಿ ಖರ್ಚು ವಾಪಸ್ ಕೊಡಬೇಕು. ಮೂರು, ಆರೋಗ್ಯ ಕೆಟ್ಟು ವೈದ್ಯರು ಹಾರಾಟಕ್ಕೆ ಬೇಡ ಅಂದರೂ ಅದು 'ಬಿಟ್ಟು ಹೋದಂತೆ'.

ನಾನು ಇದನ್ನೆಲ್ಲ ಹೇಳಿದೆ. ಹುಡುಗಿ ಕೈಮುಗಿದಳು. "ಮೇಡಂ, ದಯವಿಟ್ಟು ಏನೂ ಕೇಳ್ಬ್ಯಾಡ್ರಿ. ಬದಲಾವಣೆ ಇಲ್ಲ ಅಂತ ಮೇಲ್‌ನಾಗೆ ಬರ್ದವ್ರೆ. ಕೇಳಿದ್ರೆ ಇವ್ಳು ತರಲೆ ಅಂತ ಸೀಟು ತೆಗೀತಾರೆ. ಎಲ್ಲಿ ಸೈನ್ ಅಂತ ತೋರ್ಸಿ ಸಾಕು."

ನಾನು ಸಿಡುಕಿ ಎಂದು ಬಾರ್ ಅಸೋಸಿಯೇಷನ್ನಿನಲ್ಲಿ ಹೆಸರುವಾಸಿ. ಆದರೂ ಅವತ್ತು ಸುಮ್ಮನಾದೆ. ವಿಮಾನದ ವಿಷಯ ನನಗೆ ಗೊತ್ತಿಲ್ಲ ಎಂಬ ಅಳುಕೊಂದು ಒಳಗೆ ಇತ್ತು. ಒಂದೇ ಒಂದು ಸಲ ವಿಮಾನ ಹತ್ತಿದ್ದೇನೆ, ಅದೂ ಇಳಿಯುವ ತನಕ ಕಣ್ಣು ಮುಚ್ಚಿಕೊಂಡು. ಡೈರಿಯಲ್ಲಿ 'ಕಕ್ಷಿದಾರರಿಗೆ ತಿಳಿಸಲಾಗಿದೆ' ಎಂದು ಬರೆದುಕೊಂಡು, ಜಾಮೀನುದಾರರು ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿದೆ. ಹುಡುಗಿಯ ಸಹಿಯ ಜಾಗ ಖಾಲಿ ಇರಬೇಕಿತ್ತು. ಅವಳು ಬೆಂಗಳೂರಿನಲ್ಲಿ ಕಂಪನಿಯ ಅಧಿಕಾರಿಯ ಎದುರೇ ಸಹಿ ಮಾಡಬೇಕು ಎಂದು ಷರತ್ತಿತ್ತು. ಮರುದಿನ ಇಬ್ಬರು ಜಾಮೀನುದಾರರನ್ನು ಕರೆತರಲು ಹೇಳಿ ಕಳಿಸಿದೆ.

ಮಂಗಳವಾರ ಹನ್ನೊಂದು ಗಂಟೆಗೆ ಆಫೀಸಿನ ಮುಂದೆ ಒಂದು ಟೆಂಪೊ ಬಂದು ನಿಂತಿತು. ಅದರಿಂದ ಹುಡುಗಿಯ ಜೊತೆ ಹನ್ನೊಂದು ಜನ ಇಳಿದರು. ಹೊಳಲ್ಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ದೊಡ್ಡಪ್ಪ ಮತ್ತು ಹೊಸದುರ್ಗದಲ್ಲಿ ಶಾಲಾ ಮೇಷ್ಟ್ರಾಗಿರುವ ಸೋದರಮಾವ, ಇವರಿಬ್ಬರೇ ಜಾಮೀನುದಾರರು. ಉಳಿದವರು ಯಾರು ಅಂದೆ. "ಮನೆ ಹೆಣ್ಮಗಳ ಕೆಲ್ಸ ಅಲ್ವೇನಮ್ಮ, ನಾವು ಬರ್ದಿದ್ರೆ ಹೆಂಗೆ" ಎಂದಳು ಒಬ್ಬ ಅತ್ತೆ, ನನಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಲ್ಲಿ. ಆಫೀಸಿನಲ್ಲಿ ಇರುವುದು ಆರು ಕುರ್ಚಿ. ಇಬ್ಬರು ಕಿಟಕಿಯ ಕಟ್ಟೆ ಹತ್ತಿದರು.

ಅಷ್ಟರಲ್ಲಿ ನನ್ನ ಕೇಸು ಕೂಗುತ್ತಾರೆಂದು ಕೋರ್ಟಿನಿಂದ ಫೋನು ಬಂತು. ಹುಡುಗಿ ದಾಖಲೆಗಳ ಜೆರಾಕ್ಸಿಗೆ ಹೋಗಿದ್ದಳು. "ಬಂದೆ, ಅಲ್ಲಿಗಂಟ ಓದ್ಕಂಡಿರ್ರಿ" ಎಂದು ಬಾಂಡನ್ನು ಮೇಜಿನ ಮೇಲೆ ಇಟ್ಟು ಓಡಿದೆ. ಅದು ನಾನು ಮಾಡಿದ ತಪ್ಪು. ಮುಕ್ಕಾಲು ಗಂಟೆಯ ನಂತರ ಬಂದರೆ ಎಲ್ಲರ ಮುಖದಲ್ಲೂ ಮದುವೆ ಮುಗಿಸಿದ ಸಮಾಧಾನ. ಹನ್ನೊಂದು ಜನರ ಹೆಬ್ಬೆರಳೋ ತೋರುಬೆರಳೋ ನೀಲಿ.

ಕಾಗದ ತೆಗೆದು ನೋಡಿದೆ. ಹನ್ನೊಂದೂ ಜನ ಸಹಿ ಹಾಕಿದ್ದರು, ಇಲ್ಲವೇ ಹೆಬ್ಬೆಟ್ಟು ಒತ್ತಿದ್ದರು. ಜಾಮೀನುದಾರರ ಜಾಗ ಸಾಲದೆ ಅಂಚಿನಲ್ಲಿ, ಛಾಪಾ ಕಾಗದದ ನಂಬರಿನ ಮೇಲೆ, ಹುಡುಗಿಯ ಸಹಿಯ ಜಾಗದಲ್ಲಿ. ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ 'ಕಂಪನಿಯ ಪರವಾಗಿ' ಅನ್ನುವುದರ ಕೆಳಗೆ ಇತ್ತು. ಹಿರಿಯನಿಗೆ ದೊಡ್ಡ ಜಾಗ ಎಂದು ಅದನ್ನು ಅಜ್ಜನಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಅಜ್ಜನ ಹೆಬ್ಬೆಟ್ಟು ಅಚ್ಚುಕಟ್ಟಾಗಿ ಮೂಡಿತ್ತು. ಕಾಗದದ ಪ್ರಕಾರ ಈಗ ವಿಮಾನ ಕಂಪನಿ ಎಂದರೆ ಹರಿಯಬ್ಬೆಯ ಅಜ್ಜ.

"ಯಾರು ಹೇಳಿದ್ದು ನಿಮಗೆ ಇದೆಲ್ಲ ಮಾಡೋಕೆ?" ಎಂದು ಕಿರುಚಿದೆ. ಬಹಳ ವರ್ಷದಿಂದ ನನ್ನ ಬಳಿ ಇರುವ ಟೈಪಿಸ್ಟ್ ಹೆಂಗಸು, "ನೀವೇ ಹೇಳಿದೀರ ಅನ್ಕಂಡೆ ಮೇಡಂ, ಅವ್ರು ಅಷ್ಟು ಧೈರ್ಯವಾಗಿ ಇಂಕ್ ಪ್ಯಾಡ್ ಕೇಳಿದ್ರು" ಎಂದು ಗೋಡೆಗೆ ಸರಿದಳು.

ಅಜ್ಜ ನಿಧಾನವಾಗಿ ಹೇಳಿದ. "ಸಿಟ್ ಮಾಡ್ಕಬ್ಯಾಡ ತಾಯಿ. ನಮ್ಮಲ್ಲಿ ಮೇಯ್ಸಾಕೆ ಕುರಿ ಪಾಲಿಗೆ ಕೊಟ್ರೆ ಮಾತಾಗೋದು ಹಟ್ಟಿ ಮುಂದೆ. ಕುಂತೋರೆಲ್ಲ ಕೈ ಹಾಕ್ಬೇಕು. ನಾಳೆ ಒಬ್ಬ ನಾನು ಕೇಳಿಲ್ಲ ಅನ್ನಂಗಿರ್ಬಾರ್ದು. ಇಬ್ರೇ ಹಾಕಿದ್ರೆ ಉಳಿದೋರು ಈ ಹುಡ್ಗಿಗೆ ಆಗಲ್ವಾ ಅಂತ ಕಂಪನೇರು ತಿಳ್ಕಳಲ್ವಾ?"

ಜೆರಾಕ್ಸ್ ಹಿಡಿದು ಬಂದ ಹುಡುಗಿ ಕಾಗದ ನೋಡಿ ಅಲ್ಲೇ ಬೆಂಚಿನ ಮೇಲೆ ಕುಸಿದು ಅಳತೊಡಗಿದಳು. ಬಂಧುಗಳೆಲ್ಲ ಒಟ್ಟಿಗೆ ಸಮಾಧಾನ ಮಾಡಲು ಹೋಗಿ ಇನ್ನಷ್ಟು ಅಳಿಸಿದರು. ಸೋದರಮಾವ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು, "ನಾನು ಓದಿದೋನಾಗಿ ಹಿಂಗೆ ಮಾಡಿದ್ನಲ್ಲ" ಎಂದು ಗೊಣಗುತ್ತಿದ್ದರು. ಆ ಗದ್ದಲದಲ್ಲಿ ಶಾಂತವಾಗಿದ್ದವನು ಅಜ್ಜನೊಬ್ಬನೇ. ಅವನು ಕಾಗದದ ಕಡೆ ಬೆರಳು ಮಾಡಿ ನನ್ನನ್ನು ಕೇಳಿದ.

"ಅದಿರ್ಲಿ ತಾಯಿ. ನಮ್ಮ ಮೇಷ್ಟ್ರು ಓದಿ ಹೇಳಿದ್ರು. ಮೂರು ವರ್ಸಕ್ಕೆ ಒಂದು ತಿಂಗ್ಳು ಕಮ್ಮಿ ಆದ್ರೂ ಪೂರ್ತಿ ಕೊಡ್ಬೇಕಂತೆ? ನಮ್ಮ ಪಾಲಿನಾಗೆ ಮೂರು ವರ್ಸಕ್ಕೆ ಮಾತಾಡಿದೋನು ಎರಡು ವರ್ಸಕ್ಕೆ ಬಿಟ್ಟೋದ ಅನ್ಕ. ಎರಡು ವರ್ಸ ಮೇಯ್ಸಿದ್ದು ಎಲ್ಲಿಗೋತು? ಅದನ್ನ ಮುರ್ಕಂಡು ಉಳಿದ ವರ್ಸದ್ದು ಅಷ್ಟೇ ಕೇಳ್ತೀವಿ. ಮಂದೆ ಹಟ್ಟಿ ಬಿಟ್ಟ ದಿವ್ಸದಿಂದ ಲೆಕ್ಕ. ಇದ್ಯಾವ ನ್ಯಾಯ ಇವ್ರದ್ದು?"

"ಕುರಿ ರೋಗ ಬಂದು ಸತ್ರೆ ಏನ್ ಮಾಡ್ತೀರಿ ಅಜ್ಜ?" ಎಂದು ನಾನೇ ಕೇಳಿದೆ, ಯಾಕೆ ಕೇಳಿದೆನೋ.

"ಚರ್ಮ ತಂದು ಯಜಮಾನನ ಮುಂದೆ ಹಾಕ್ತೀವಿ. ಚರ್ಮ ನೋಡಿದ ಮ್ಯಾಲೆ ಕೇಳಂಗಿಲ್ಲ. ರೋಗಕ್ಕೆ ಪಾಲಿನೋನು ಏನ್ ಮಾಡ್ತಾನೆ?"

ನನಗೆ ನಾಚಿಕೆಯಾಯಿತು. ನಾನು ಹಿಂದೆ ಮುಂದೆ ಮೂರು ಸಲ ಓದಿ ಹಿಡಿದ ಮೂರು ಕಲಮಿಗೂ ಈ ಮನುಷ್ಯ ಒಂದು ಸಲ ಕೇಳಿದ್ದಕ್ಕೇ ನ್ಯಾಯ ಹೇಳಿದ್ದ. ನಾನು ಡೈರಿಯಲ್ಲಿ ಬರೆದು ಕೈ ತೊಳೆದುಕೊಂಡಿದ್ದೆ, ಅವನು ಇದ್ಯಾವ ನ್ಯಾಯ ಎಂದು ಕೇಳಿದ್ದ. ಕಾಯ್ದೆಯೂ ಅವನ ಕಡೆಗೇ ಇದೆ. ಕರಾರಿನಲ್ಲಿ ಎಷ್ಟೇ ಬರೆಸಿಕೊಂಡಿರಲಿ, ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನಷ್ಟೇ. ಆದರೆ ಆ ನ್ಯಾಯ ಬೇಕೆಂದರೆ ಮೊದಲು ದಾವೆಯಾಗಬೇಕು, ವರ್ಷಗಟ್ಟಲೆ ಅಲೆಯಬೇಕು. ಹಾರಾಡಬೇಕಾದ ಹುಡುಗಿ ನಮ್ಮ ಕೋರ್ಟಿನ ಬೆಂಚಿನ ಮೇಲೆ ಕೂತಿರಬೇಕು.

ಬುಧವಾರ ಬೆಳಿಗ್ಗೆ ಅಜ್ಜ ಮೊಮ್ಮಗಳು ಇಬ್ಬರೇ ಬಂದರು. ಕಂಪನಿಯ ಕಾನೂನು ಅಧಿಕಾರಿಗೆ ಫೋನು ಮಾಡಿ ಛಾಪಾ ಕಾಗದ ಹಾಳಾದದ್ದನ್ನು ಒಪ್ಪಿಕೊಂಡೆ. ಆಕೆ ಬೆಂಗಳೂರಿನ ಹೆಂಗಸು, ಮಾತು ಚುರುಕು. "ಹನ್ನೊಂದು ಸಹಿನಾ?" ಎಂದು ಎರಡು ಸಲ ಕೇಳಿ, "ಪರವಾಗಿಲ್ಲ ಮೇಡಂ, ಅಲ್ಲೇ ನಮ್ಮ ಹೆಸರಲ್ಲಿ ಹೊಸ ಇ-ಸ್ಟಾಂಪ್ ತಗೊಂಡು ಅದೇ ಒಕ್ಕಣೆ ಪ್ರಿಂಟ್ ಮಾಡ್ಸಿ. ಶುಕ್ರವಾರ ಐದು ಗಂಟೆ ಮಾತ್ರ ಮರೀಬೇಡಿ" ಅಂದಳು.

ಇಷ್ಟು ಸುಲಭವಾಗಿ ಬಿಡುಗಡೆಯಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದೇ ಒಕ್ಕಣೆ, ಹೊಸ ಕಾಗದ, ಎರಡು ಸಹಿ, ಮುಗಿಯಿತು. "ಹತ್ತು ನಿಮಿಷ ಬಿಟ್ಟು ಮಾಡ್ತೀನಿ" ಎಂದು ಫೋನು ಇಟ್ಟೆ. ಹುಡುಗಿಯ ಕಡೆ ತಿರುಗಿ ನೇರವಾಗಿ ಹೇಳಿದೆ. "ನೋಡವ್ವ, ಎರಡು ದಾರಿ ಅವೆ. ಅದೇ ಕಾಗದಕ್ಕೆ ಸಹಿ ಹಾಕ್ಸಿ ಕಳಿಸ್ತೀನಿ, ಸೀಟು ಗ್ಯಾರಂಟಿ. ಇಲ್ಲ, ನಿಮ್ಮ ಅಜ್ಜ ಹೇಳಿದ ಮೂರೂ ಕೇಳ್ತೀನಿ. ಕೇಳಿದ್ರೆ ಏನಾಗ್ತೈತೋ ನಂಗೂ ಗೊತ್ತಿಲ್ಲ. ನಿನ್ನ ಸೀಟು, ನೀನೇ ಹೇಳ್ಬೇಕು."

ಅವಳು ಬಹಳ ಹೊತ್ತು ನೆಲ ನೋಡಿದಳು. ಅಜ್ಜ ಕಿಟಕಿಯ ಆಚೆ ಆಟೋ ಎಣಿಸುವವನ ಹಾಗೆ ಕುಳಿತಿದ್ದ. ಕಡೆಗೆ ಹುಡುಗಿ, "ರಾತ್ರಿಯಿಂದ ಅದೇ ತಲೆಯಾಗೆ ಐತೆ ಮೇಡಂ. ನನ್ನ ಕಣ್ಣಿಗೇನಾದ್ರೂ ಆದ್ರೆ ಮಾವ ದೊಡ್ಡಪ್ಪ ಕಟ್ಬೇಕಲ್ಲ. ಕೇಳ್ರಿ" ಅಂದಳು. ಹೇಳಿದ ತಕ್ಷಣ ಮುಖ ಬಿಳಿಚಿಕೊಂಡಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ನನಗೆ ಅವಳ ಮೇಲೆ ಅಭಿಮಾನ ಉಕ್ಕಿ ಬಂತು.

ಎರಡನೇ ಫೋನಿನಲ್ಲಿ ಮೂರೂ ಕೋರಿಕೆಗಳನ್ನು ನನಗೆ ತಿಳಿದ ಘನವಾದ ಕಾನೂನು ಭಾಷೆಯಲ್ಲಿ ಮಂಡಿಸಿದೆ. ಆಕೆ ಅರ್ಧಕ್ಕೇ ತಡೆದಳು. "ಮೇಡಂ, ನಮ್ಮದು ಸಣ್ಣ ಕಂಪನಿ. ನಾವು ಕಲಿಸೋದು, ದೊಡ್ಡ ಕಂಪನಿ ಎತ್ಕೊಂಡು ಹೋಗೋದು. ಒಬ್ಬ ಕೋ-ಪೈಲಟ್ ಹೋದ್ರೆ ಎರಡು ಊರಿನ ಫ್ಲೈಟ್ ನಿಲ್ಲುತ್ತೆ. ಅದಕ್ಕೇ ಬಾಂಡ್ ಬಿಗಿಯಾಗಿರೋದು. ಒಬ್ರಿಗೋಸ್ಕರ ಬದಲಾಯಿಸೋಕಾಗಲ್ಲ." ನಾನು ಕಲಮು ಹೇಳಿದೆ, ಆಕೆ ಪಾಲಿಸಿ ಅಂದಳು. ನಾನು ಇನ್ನೊಂದು ಕಲಮು ಹೇಳಿದೆ, ಆಕೆ ಮ್ಯಾನೇಜ್‌ಮೆಂಟ್ ಅಂದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ನನ್ನ ನಾಲಿಗೆಯೇ ಹುಡುಗಿಯ ಸೀಟು ಕಳೆಯುತ್ತಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜನ ಮುಂದೆ ಇಟ್ಟೆ. "ನೀವೇ ಹೇಳ್ರಿ ಅಜ್ಜ."

ಅಜ್ಜ ಫೋನಿಗೆ ನಮಸ್ಕಾರ ಮಾಡಿ ಶುರುಮಾಡಿದ. ಪಾಲಿಗೆ ಕೊಟ್ಟ ಕುರಿ, ಮುರಿದುಕೊಳ್ಳುವ ವರ್ಷ, ಚರ್ಮ, ಎಲ್ಲ ಹೇಳಿದ. ಆಮೇಲೆ ಆಕೆಯ ಧ್ವನಿ ಕೇಳಿತು, ಈ ಸಲ ಚುರುಕು ಕಡಿಮೆಯಾಗಿತ್ತು. "ಚರ್ಮ ಅಂದ್ರೆ... ಮೆಡಿಕಲ್ ಸರ್ಟಿಫಿಕೇಟು!"

"ಅದೇನೋ ನಂಗೊತ್ತಿಲ್ಲ ತಾಯಿ. ನಿಮ್ಮ ಡಾಕ್ಟ್ರು ಏನ್ ಕೊಡ್ತಾರೋ ಅದು."

"ಅಜ್ಜಾ, ನಿಮ್ಮ ಪಾಲಿನವನು ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಬಿಟ್ಟು ಹೋದ್ರೆ ಮಂದೆ ಏನು ಮಾಡ್ತೀರಾ? ನಮ್ಮ ಕಷ್ಟ ಅದೇ."

ಅಜ್ಜ ಮೊದಲ ಸಲ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ನೆಟ್ಟಗೆ ಕುಳಿತ. "ದಿಟ ಐತೆ ನೀ ಹೇಳೋದು. ಅಡವಿಯಾಗೆ ಮಂದೆ ಬಿಟ್ಟು ಓಡಿ ಬರಂಗಿಲ್ಲ. ಮೊದ್ಲೇ ಹೇಳ್ಬೇಕು. ಹೊಸಬನಿಗೆ ಒಂದೊಂದು ಕುರಿನೂ ಗುರ್ತು ಹಿಡಿಸಿ ಆಮ್ಯಾಕೆ ಹೋಗ್ಬೇಕು. ಅದು ನಮ್ಮ ಹುಡ್ಗಿ ಮಾಡ್ತಾಳೆ. ಬರ್ಕಳ್ರಿ ಬೇಕಾದ್ರೆ."

ಇಪ್ಪತ್ತು ನಿಮಿಷದಿಂದ ಇಬ್ಬರು ಓದಿದ ಹೆಂಗಸರು ಎಳೆದಾಡುತ್ತಿದ್ದ ಗಂಟು ಅಲ್ಲಿ ಸಡಿಲವಾಯಿತು. ಆಕೆಗೆ ಬೇಕಾಗಿದ್ದದ್ದು ಮುಂಚಿತ ನೋಟಿಸು, ನಮಗೆ ಬೇಕಾಗಿದ್ದದ್ದು ಮುರಿದುಕೊಳ್ಳುವ ಲೆಕ್ಕ. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. "ಮೇಲಿನವರನ್ನ ಕೇಳಿ ನಾಳೆ ಮೇಲ್ ಮಾಡ್ತೀನಿ. ಆಸೆ ಇಟ್ಕೋಬೇಡಿ" ಎಂದು ಆಕೆ ಫೋನು ಇಟ್ಟಳು. ಆಸೆ ಇಟ್ಟುಕೊಳ್ಳಬೇಡಿ ಎಂದವರ ಮಾತಿನಲ್ಲೇ ಆಸೆ ಹುಟ್ಟುವುದು ನನಗೆ ಅವತ್ತು ಗೊತ್ತಾಯಿತು.

ಗುರುವಾರ ಹನ್ನೆರಡಾದರೂ ಮೇಲ್ ಬರಲಿಲ್ಲ. ಹುಡುಗಿ ಅಜ್ಜನ ಜೊತೆ ಆಫೀಸಿನಲ್ಲೇ ಕೂತು ನಿಮಿಷಕ್ಕೊಮ್ಮೆ ಫೋನು ಉಜ್ಜುತ್ತಿದ್ದಳು. ಟೈಪಿಸ್ಟ್ ತಂದುಕೊಟ್ಟ ಮಿರ್ಚಿ ಮಂಡಕ್ಕಿಯನ್ನು ಮುಟ್ಟಲಿಲ್ಲ. ಆ ಮಂಡಕ್ಕಿಯನ್ನು ನಾನೇ ಖಾಲಿ ಮಾಡಿದೆ, ನನಗೆ ಭಯವಾದರೆ ಹಸಿವು ಜಾಸ್ತಿ. ಒಂದೂವರೆಗೆ ಮೇಲ್ ಬಂತು. ದುಡಿದಷ್ಟು ತಿಂಗಳು ಮುರಿದುಕೊಂಡು ಉಳಿದದ್ದು ಮಾತ್ರ ಕೊಡಬೇಕು, ಒಪ್ಪಿಗೆ. ಅಧಿಕೃತ ವೈದ್ಯರ ಪ್ರಮಾಣಪತ್ರ ಇದ್ದರೆ ಏನೂ ಕೊಡಬೇಕಿಲ್ಲ, ಒಪ್ಪಿಗೆ. ಮೂರು ವರ್ಷದ ಲೆಕ್ಕ ಸೇರಿದ ದಿನದಿಂದಲ್ಲ, ಸಿಮ್ಯುಲೇಟರಿನ ಮೊದಲ ದಿನದಿಂದ. ಬಿಡುವುದಾದರೆ ಆರು ತಿಂಗಳು ಮೊದಲೇ ತಿಳಿಸಬೇಕು. ಹುಡುಗಿ ಟೈಪಿಸ್ಟನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿಬಿಟ್ಟಳು.

ಕುಣಿಯಲು ಹೊತ್ತಿರಲಿಲ್ಲ. ಇ-ಸ್ಟಾಂಪ್ ಕೌಂಟರಿನಲ್ಲಿ ನನ್ನ ಮುಂದೆ ಒಂಬತ್ತು ಜನ. ಮೊದಲ ಪಕ್ಷದ ಹೆಸರಿನಲ್ಲಿ ವಿಮಾನ ಕಂಪನಿ ಎಂದು ನೋಡಿ ಕೌಂಟರಿನವನು, "ಮೇಡಂ, ಏರ್‌ಪೋರ್ಟ್ ಯಾವಾಗ ಬರ್ತೈತೆ ದುರ್ಗಕ್ಕೆ?" ಎಂದು ಕೇಳಿದ. "ಮೊದ್ಲು ಕಾಗದ ಕೊಡಪ್ಪ, ಆಮೇಲೆ ತರ್ಸಾಣ" ಅಂದೆ. ತಿದ್ದಿದ ಒಕ್ಕಣೆಯ ಪ್ರಿಂಟ್ ತೆಗೆದು, ಮತ್ತೆ ಹಿಂದಿನಿಂದ ಮುಂದಕ್ಕೆ ಓದಿ, ಪೆನ್ಸಿಲ್ ಗುರುತು ಹಾಕಿ, ಜಾಮೀನುದಾರರನ್ನು ಕರೆಸುವಷ್ಟು ಸಮಯ ಇಲ್ಲವೆಂದು ನಾವೇ ಅವರ ಬಳಿಗೆ ಹೊರಟೆವು. ನನ್ನ ಹಳೆಯ ಕಾರು, ಹಿಂದಿನ ಸೀಟಿನಲ್ಲಿ ಅಜ್ಜ, ನನ್ನ ಪಕ್ಕದಲ್ಲಿ ಹುಡುಗಿ, ಅವಳ ತೊಡೆಯ ಮೇಲೆ ಬಾಂಡಿನ ಫೈಲು. ಈ ಸಲ ಅದನ್ನು ಯಾರ ಕೈಗೂ ಕೊಡಕೂಡದೆಂದು ನಾನು ಆಣೆ ಹಾಕಿಸಿದ್ದೆ.

ಹೊಳಲ್ಕೆರೆಯಲ್ಲಿ ದೊಡ್ಡಪ್ಪ ಸಹಿ ಹಾಕುವ ಮೊದಲು ಪೂರ್ತಿ ಓದಿಯೇ ತೀರುತ್ತೇನೆಂದು ಹಟ ಹಿಡಿದರು. ಮಂಗಳವಾರದ ಅವಮಾನ ಇನ್ನೂ ಆರಿರಲಿಲ್ಲ. ಒಂದು ಪುಟ ಓದುವುದು, ಪೈಪ್ ಕೇಳಿ ಬಂದವನಿಗೆ ಪೈಪ್ ಕೊಡುವುದು, ಮತ್ತೆ ಓದಿದ ಪುಟವನ್ನೇ ಓದುವುದು. ನಾನು ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದೆ. ಹತ್ತನೇ ಪುಟದಲ್ಲಿ ತಲೆ ಎತ್ತಿ, "ಈ ಆರ್ ತಿಂಗಳು ನೋಟಿಸು ಯಾರು ಹಾಕ್ಸಿದ್ದು?" ಅಂದರು. "ನಾನೇ ಕಣೋ" ಎಂದ ಅಜ್ಜ ಕಾರಿನಿಂದಲೇ. "ಹಂಗಾದ್ರೆ ಸರಿ ಐತೆ" ಎಂದು ಉಳಿದ ಎಂಟು ಪುಟ ಓದದೆ ಸಹಿ ಹಾಕಿಬಿಟ್ಟರು.

ಹೊಸದುರ್ಗ ಮುಟ್ಟುವಾಗ ಶಾಲೆ ಬಿಡುವ ಹೊತ್ತು. ಮೇಷ್ಟ್ರು ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಗುರುತಿನಿಂದ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಸಹಿ ಮಾಡಿದರು. ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. "ಇವ್ಳು ವಿಮಾನ ಹಾರಿಸ್ತಾಳೆ" ಎಂದು ಮೇಷ್ಟ್ರು ಸೋದರಸೊಸೆಯನ್ನು ತೋರಿಸಿದರು. ಒಬ್ಬ ಪುಟ್ಟ ಹುಡುಗಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಹಾರಿಸಿ ತೋರ್ಸು ಮತ್ತೆ" ಅಂದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ನಾಲ್ಕು ದಿನದಲ್ಲಿ ಹುಡುಗಿ ನಕ್ಕಿದ್ದು ಅದೇ ಮೊದಲು.

ಹಿರಿಯೂರಿನ ದಾರಿಯುದ್ದಕ್ಕೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ ಅವಳು ನನಗೆ ಗಾಳಿಯ ಪಾಠ ಮಾಡಿದಳು. ರೆಕ್ಕೆಗಳು ಯಾವ ಕಡೆಗೆ ಮುಖ ಮಾಡಿವೆ ನೋಡಿದರೆ ಗಾಳಿ ಎಲ್ಲಿಂದ ಬೀಸುತ್ತಿದೆ ಗೊತ್ತಾಗುತ್ತದಂತೆ, ವಿಮಾನ ಯಾವಾಗಲೂ ಗಾಳಿಗೆ ಎದುರಾಗಿಯೇ ಏಳಬೇಕಂತೆ. ಬಾಂಡಿನ ಮಾತಾಡುವಾಗ ಮುದುಡಿಕೊಳ್ಳುತ್ತಿದ್ದವಳು ಇದನ್ನು ಹೇಳುವಾಗ ಎರಡೂ ಕೈ ಆಡಿಸಿ ಹೇಳುತ್ತಿದ್ದಳು. ಈ ಹುಡುಗಿಗೆ ಸೀಟು ತಪ್ಪಿದರೆ ನಾನು ಜೀವಮಾನದಲ್ಲಿ ನನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ ಅನ್ನಿಸಿತು. ಹಿರಿಯೂರಿನಲ್ಲಿ ಅವರಿಬ್ಬರನ್ನೂ ಹರಿಯಬ್ಬೆಯ ಬಸ್ಸು ಹತ್ತಿಸಿ ನಾನು ದುರ್ಗಕ್ಕೆ ವಾಪಸಾದೆ. ಶುಕ್ರವಾರ ಬೆಳಿಗ್ಗೆ ಅವಳೊಬ್ಬಳೇ ಬೆಂಗಳೂರಿನ ಬಸ್ಸು ಹಿಡಿದಳು.

ಶುಕ್ರವಾರ ನಾನು ಯಾವ ಕೇಸಿನಲ್ಲೂ ಸರಿಯಾಗಿ ವಾದ ಮಾಡಲಿಲ್ಲ. ನಾಲ್ಕೂಮುಕ್ಕಾಲಿಗೆ ಫೋನು ಬಡಿದುಕೊಂಡಿತು. ಹುಡುಗಿಯದಲ್ಲ, ಕಾನೂನು ಅಧಿಕಾರಿಯದು.

"ಮೇಡಂ, ನಿಮ್ಮ ಹುಡುಗಿ ನನ್ನ ಆಫೀಸಲ್ಲಿ ಪಂಚಾಯ್ತಿ ಹಾಕ್ಕೊಂಡು ಕೂತಿದಾಳೆ!" ಅಂದಳು ಆಕೆ.

ನಡೆದದ್ದು ಇಷ್ಟು. ಆರೂ ಜನ ತರಬೇತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಉಳಿದ ಐದು ಜನ ಕಾಗದ ತೆರೆದು, ಕೊನೆಯ ಪುಟ ಹುಡುಕಿ, ಸಹಿ ಮಾಡಿ ಮುಗಿಸಿದ್ದರು. ನಮ್ಮ ಹುಡುಗಿ ಮಾತ್ರ, "ಹತ್ತು ನಿಮಿಷ ಕೊಡಿ, ಓದಿ ಸೈನ್ ಮಾಡ್ತೀನಿ" ಎಂದು ಕೊನೆಯ ಪುಟದಿಂದ ಓದತೊಡಗಿದಳಂತೆ. ಪಕ್ಕದಲ್ಲಿದ್ದ ಹುಡುಗ ಯಾಕೆ ಹಿಂದಿನಿಂದ ಓದುತ್ತೀಯ ಎಂದು ಕೇಳಿದ. ಇವಳು ಹೇಳಿದಳು. ಮುರಿದುಕೊಳ್ಳುವ ಕಲಮನ್ನೂ ಹೇಳಿದಳು. ಅವನು ತನ್ನ ಕಾಗದ ತೆಗೆದು ನೋಡಿದ, ಅವನದರಲ್ಲಿ ಆ ಕಲಮು ಇರಲಿಲ್ಲ. ಅಷ್ಟೇ. ಐದೂ ಜನ ಎದ್ದು ಹೋಗಿ ಕೊಟ್ಟ ಕಾಗದವನ್ನು ಟ್ರೇಯಿಂದ ವಾಪಸ್ ತೆಗೆದುಕೊಂಡು, ನಮಗೂ ಹೀಗೇ ಬರೆದುಕೊಡಿ ಎಂದು ಕುಳಿತುಬಿಟ್ಟರು.

"ಅವಳ ಸೀಟು?" ಎಂದೆ.

"ಅವಳು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಸೈನ್ ಮಾಡಿ ಕೊಟ್ಟಾಯ್ತು ಮೇಡಂ, ಅವಳ ಸೀಟು ಅವಳದೇ. ಈಗ ಉಳಿದ ಐದು ಪ್ರಿಂಟ್ ನಾನು ತೆಗೆಸ್ಬೇಕು. ಸೋಮವಾರಕ್ಕೆ ಸಿಮ್ಯುಲೇಟರ್ ಬುಕ್ ಆಗಿದೆ, ಐದು ಜನಾನೂ ಬಿಟ್ಟು ಯಾರನ್ನ ಕಳಿಸ್ಲಿ? ಮೇಲಿನವರು ನನ್ನನ್ನ ಬೈದು, ಆಮೇಲೆ ಎಲ್ಲರಿಗೂ ಅದನ್ನೇ ಕೊಡು ಅಂದ್ರು." ಬೈಯುತ್ತಿದ್ದಾಳೆ ಎಂದುಕೊಂಡಿದ್ದ ಆ ಹೆಂಗಸು ಅಷ್ಟರಲ್ಲಿ ನಗುತ್ತಿದ್ದಳು. ನಾನು ನಗುತ್ತಲೇ ಅತ್ತುಬಿಟ್ಟೆ. ಟೈಪಿಸ್ಟ್ ಗಾಬರಿಯಾಗಿ ನೀರು ತಂದಳು.

ತಕ್ಷಣ ಹರಿಯಬ್ಬೆಗೆ ಫೋನು ಮಾಡಿದೆ. ಅಜ್ಜನೇ ಎತ್ತಿಕೊಂಡ, ಹಿಂದೆ ಹಟ್ಟಿಯಲ್ಲಿ ಉಳಿದ ಮರಿಗಳ ಗದ್ದಲ. ಸೀಟು ಸಿಕ್ಕಿತು ಎಂದು ಹೇಳಿ, ಆ ಐದು ಜನರ ಕಥೆಯನ್ನೂ ಹೇಳಿದೆ. ನಿಮ್ಮ ಷರತ್ತು ಈಗ ಆರು ಮಕ್ಕಳಿಗೂ ಸಿಕ್ಕಿತು ಅಜ್ಜ ಅಂದೆ. ಅವನು ಹಿಗ್ಗುತ್ತಾನೆ ಅಂದುಕೊಂಡಿದ್ದೆ.

"ಪಾಪ, ಆ ಮಕ್ಳ ಜೊತೆ ಯಾರೂ ಬಂದಿರ್ಲಿಲ್ವೇನಮ್ಮ?" ಅಂದ.

"ಇಲ್ಲ ಅಜ್ಜ. ಒಬ್ಬೊಬ್ರೇ ಬಂದಿದ್ರಂತೆ."

"ಹಂಗಾದ್ರೆ ನಮ್ಮ ಹುಡ್ಗಿ ಹೋಗಿದ್ದು ಒಳ್ಳೇದಾತು ಬಿಡು" ಎಂದು ಅಜ್ಜ ಫೋನು ಇಟ್ಟ.